ಹುಲಿಕೆರೆಯ ರುದ್ರಮ್ಮನವರ ಹೆಬ್ಬೆಟ್ಟು

ಅರಸೀಕೆರೆ
೧೪ ಜೂನ್ ೨೦೨೫

ಪ್ರೀತಿಯ ಮೊಮ್ಮಗಳು ಸಿರಿಗೆ ತಾತ ಕೆಂಚಪ್ಪನ ಆಶೀರ್ವಾದ.

ತುಟಿಯ ಹೊಲಿಗೆ ಬಿಚ್ಚಿದರೇ? ನಿನ್ನ ಗೆಳತಿ ನಂದಿತಾಳ ಮನೆಯಲ್ಲಿ ಗಂಜಿಯನ್ನಾದರೂ ನುಂಗಲು ಆಗುತ್ತಿದೆಯೇ? ನನ್ನ ದೇಹಸ್ಥಿತಿ ಎಂಬತ್ತೊಂದಕ್ಕೆ ತಕ್ಕಂತಿದೆ. ನೀನು ಅಮ್ಮನೆಂದು ಕರೆಯುವ ಉಷಾರಾಣಿಗೆ ಹೆರಿಗೆಯೇ ಆಗಿಲ್ಲವೆಂಬ ವೈದ್ಯರ ಚೀಟಿ ಹಿಡಿದು, “ನನ್ನ ಹೆತ್ತೋರು ಯಾರು ಅಂತ ತಿಳ್ಕೊಳೋದು ನನ್ನ ಹಕ್ಕು ತಾತ” ಎಂದು ನೀನು ಕೇಳಿದಾಗ, ನೀನು ಅಪ್ಪನೆಂದು ಕರೆಯುವ ನನ್ನ ಮಗ ಬಸವಕುಮಾರ ನಿನ್ನ ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ನಾನು ಕುರ್ಚಿಯಿಂದ ಏಳಲಿಲ್ಲ. ಬೇಲೂರಿನ ತಾಲ್ಲೂಕು ಕಚೇರಿಯ ಮುಂದೆ ಮೂವತ್ತು ವರ್ಷ ಅನ್ಯರ ಹಕ್ಕುಗಳಿಗೆ ಅರ್ಜಿ ಬರೆದವನು ನಾನು. ನನ್ನ ಒಕ್ಕಣೆಗೆ ಶಿರಸ್ತೇದಾರರೂ ತಲೆದೂಗುತ್ತಿದ್ದರು. ಆದಕಾರಣ ನಿನ್ನ ಕೋರಿಕೆಗೆ ಉತ್ತರವನ್ನು ಕ್ರಮವಾಗಿ ನಿವೇದಿಸುತ್ತೇನೆ.

ನಿನ್ನ ತಾಯಿ ನನ್ನ ಮಗಳು ಮಾಲಿನಿ. ತಂದೆ ಹುಲಿಕೆರೆಯ ಸಂತೋಷ. ನಮ್ಮ ತೋಟಕ್ಕೆ ತೆಂಗಿನಕಾಯಿ ಸುಲಿಯಲು ಬರುತ್ತಿದ್ದವನು. ಮಾಲಿನಿ ಬಸುರಿಯೆಂದು ತಿಳಿದ ದಿನ ಬಸವಕುಮಾರನೂ ನಾನೂ ಬೈಕಿನಲ್ಲಿ ಹೋಗಿ, ಹಳೇಬೀಡಿನ ಆಚೆ ಒಬ್ಬನೇ ಕಾಯಿ ಸುಲಿಯುತ್ತಿದ್ದ ಅವನನ್ನು ಹಿಡಿದೆವು. ನೆಲಕ್ಕೆ ನೆಟ್ಟಿದ್ದ ಕಬ್ಬಿಣದ ಸಲಾಕೆಯನ್ನೇ ಕಿತ್ತು ಬಸವಕುಮಾರ ಹೊಡೆದ. ಸದರಿ ಸಂತೋಷನ ತೋಳುಗಳೆರಡನ್ನೂ ಹಿಂದಿನಿಂದ ಹಿಡಿದಿದ್ದವನು ನಾನು. ನಾಲ್ಕನೆಯ ಏಟಿಗೆ ಬುರುಡೆ ಒಡೆದು ರಕ್ತ ನನ್ನ ಕನ್ನಡಕಕ್ಕೆ ಸಿಡಿಯಿತು. ಮಾಲಿನಿ ನಿನ್ನನ್ನು ಹೆತ್ತಾಗ ರಕ್ತ ನಿಲ್ಲದೆ ಹೋದರೂ, ಮಾನಕ್ಕೆ ಅಂಜಿ ಆಸ್ಪತ್ರೆಗೆ ಒಯ್ಯದೆ ಸಾಯಲು ಬಿಟ್ಟೆವು. ಅದೂ ಕೊಲೆಯೇ. ಬಳಿಕ ಅರಸೀಕೆರೆಗೆ ಬಂದು ನೆಲೆಸಿ, ನಿನ್ನನ್ನು ಉಷಾರಾಣಿಯ ಮಗಳೆಂದು ಬರೆಸಿದೆವು.

ಸಂತೋಷ ಸತ್ತ ಮೂರನೆಯ ದಿನ ಅವನ ತಾಯಿ ರುದ್ರಮ್ಮ, ನಾನು ಯಾರೆಂದು ಅರಿಯದೆ, ಪೊಲೀಸರಿಗೆ ಅರ್ಜಿ ಬರೆಸಲು ನನ್ನ ಮೇಜಿಗೇ ಬಂದರು. “ನನ್ ಮಗನ್ನ ಯಾರೋ ಬಡ್ದು ಸಾಯ್ಸವ್ರೆ. ಹಂಗೇ ಬರೀರಿ ಬುದ್ಧಿ” ಎಂದರು. ಅವನು ಮರದಿಂದ ಬಿದ್ದು ಸತ್ತನೆಂದೂ ಯಾರ ಮೇಲೂ ಅನುಮಾನವಿಲ್ಲವೆಂದೂ ನಾನು ಬರೆದೆ. ಓದಿ ಹೇಳುವಾಗ ಮಾತ್ರ ಅವರ ಮಾತನ್ನೇ ಹೇಳಿದೆ. ಆ ತಾಯಿ ಹೆಬ್ಬೆಟ್ಟು ಒತ್ತಿ, ನನಗೆ ಕೈಮುಗಿದು ಹೋದರು. ಒಕ್ಕಣೆ ಅಚ್ಚುಕಟ್ಟಾಗಿತ್ತು; ವಾರದೊಳಗೆ ಕಡತ ಮುಚ್ಚಿತು.

ನಿನ್ನ ಗಾಯ ಬೇಗ ಮಾಯಲಿ. ಹರಸುವ ಅರ್ಹತೆ ಉಳಿದಿದ್ದರೆ ಹರಸುತ್ತೇನೆ.

ಇಂತಿ,
ಕೆಂಚಪ್ಪ, ಅರ್ಜಿ ಬರಹಗಾರ

ಮರೆತ ಮಾತು: ಬಸವಕುಮಾರ ಮನೆಗೆ ಬರುವ ಮೊದಲು ಇದನ್ನು ಅಂಚೆಗೆ ಹಾಕಬೇಕು. ರುದ್ರಮ್ಮ ಬದುಕಿದ್ದಾರೆ, ಹುಲಿಕೆರೆಯ ಕೊಳದ ಹಿಂದಿನ ಮನೆ. ಅಂದಿನ ಅರ್ಜಿಯನ್ನು ಅವರು ಹೇಳಿದಂತೆಯೇ ಮತ್ತೆ ಬರೆದು, ಹೊಡೆದವನ ಹೆಸರನ್ನೂ ಹಿಡಿದವನ ಹೆಸರನ್ನೂ ಸೇರಿಸಿ ಇದರೊಳಗೆ ಇಟ್ಟಿದ್ದೇನೆ. ಹೆಬ್ಬೆಟ್ಟು ಒತ್ತಿಸುವ ಮುನ್ನ ನಿನ್ನ ಅಜ್ಜಿಗೆ ನೀನೇ ಓದಿ ಹೇಳು. ಬರೆದದ್ದನ್ನೇ ಓದು.