ಮೂರೂವರೆ ಗಂಟೆಯ ಸಾಲು

ಮಹಡಿಯ ಕೋಣೆಯಿಂದ,
ಸೋಮವಾರ, ಮಾರ್ಚ್ ೧೧

ಪ್ರೀತಿಯ ಅಕ್ಕಾ,

ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ, ಇಷ್ಟು ವರ್ಷ ಎಂಥ ಕೊಳಕು ಗೋಡೆಗಳ ನಡುವೆ ಬದುಕಿದ್ದೆ ಅಂತ ಗೊತ್ತಾಯಿತು ಎಂದು ನೀನು ಬರೆದಿದ್ದೆ. ಓದಿ ಒಬ್ಬನೇ ನಕ್ಕೆ. ಈಗ ಕನ್ನಡಕವಿಲ್ಲದೆ ಸಣ್ಣಕ್ಷರವನ್ನೂ ಓದುತ್ತೀಯಂತೆ. ಡ್ರಾಪ್ಸ್ ನಿಲ್ಲಿಸಬೇಡ. ಬಾಟಲಿ ತೆರೆದು ತಿಂಗಳಾಗಿದ್ದರೆ ಎಸೆದು ಹೊಸದು ತೆಗೆದುಕೋ. ಇದು ತಮ್ಮನ ಮಾತಲ್ಲ, ಇಪ್ಪತ್ತಾರು ವರ್ಷದಿಂದ ಔಷಧಿ ಕಾರ್ಖಾನೆಯಲ್ಲಿ ಕೂತು ಲೇಬಲ್ಲುಗಳ ತಪ್ಪು ಹುಡುಕುತ್ತಿರುವವನ ಮಾತು. ಮಂಡಿನೋವಿನ ಬಗ್ಗೆ ಏನೂ ಬರೆದಿಲ್ಲ. ನೀನು ಬರೆಯದಿದ್ದರೆ ಜಾಸ್ತಿಯಾಗಿದೆ ಎಂದೇ ಅರ್ಥ. ನಾನು ಚೆನ್ನಾಗಿದ್ದೇನೆ. ನಿದ್ದೆ ಮಾತ್ರ ಕೈಕೊಟ್ಟಿದೆ. ಈ ಕಾಗದವನ್ನು ಬೆಳಗಿನಿಂದ ಮೂರು ಸಲ ಶುರುಮಾಡಿದೆ, ಮೂರು ಸಲವೂ ಎದ್ದುಹೋಗಿ ಕಿಟಕಿ ತೆಗೆದು ಮುಚ್ಚಿ ಬಂದೆ. ಗಾಳಿಯೇನೂ ಬೀಸುತ್ತಿಲ್ಲ.

ಶನಿವಾರದ ಉದ್ಘಾಟನೆಯ ವಿಷಯ. ಚಾರ್ಜಿಂಗ್ ಕಂಪನಿಯವರ ಆಹ್ವಾನ ತಲುಪಿದ ದಿನವೇ ನೀನು ಫೋನ್ ಮಾಡಿ, "ಬಂದೇ ಬರ್ತೀನಿ ಕಣೋ. ಆ ಗುಂಡಿ ನನ್ನ ಕೈಯಾರೆ ಒತ್ತಿದ್ರೆ ಹೊಟ್ಟೆ ಉರಿ ಒಂಚೂರಾದ್ರೂ ಆರುತ್ತೆ" ಅಂದೆ. ನಾನು ಹೂಂ ಅಂದೆ. ಹೂಂ ಅನ್ನುವುದು ನನಗೆ ಯಾವಾಗಲೂ ಸುಲಭ. ನೀನು ಹೊರಡುವ ಮೊದಲು ಈ ಕಾಗದ ನಿನ್ನ ಕೈಸೇರಬೇಕು. ಈಗ ತಲೆಯಲ್ಲಿರುವುದು ಅದೊಂದೇ.

ಆಹ್ವಾನಪತ್ರದಲ್ಲಿ ಎಲ್ಲ ಬರೆದಿರಲಾರರು. ಹೆದ್ದಾರಿಯುದ್ದಕ್ಕೂ ಎಲೆಕ್ಟ್ರಿಕ್ ಕಾರುಗಳಿಗೆ ಹನ್ನೊಂದು ಫಾಸ್ಟ್ ಚಾರ್ಜಿಂಗ್ ಸ್ಟೇಷನ್‌ಗಳು ಬರುತ್ತಿವೆ. ಮೊದಲನೆಯದು ನಿನ್ನ ಮನೆಗೂ ನನ್ನ ಮನೆಗೂ ನಡುವೆ, ಟೈರ್ ಅಂಗಡಿಯ ಪಕ್ಕದಲ್ಲಿ. ಮೂರು ವರ್ಷದ ಹಿಂದೆ ಭಾವನನ್ನು ನಿನ್ನ ಊರಿನ ಆಸ್ಪತ್ರೆಗೆ ಸೇರಿಸಿದ ದಿನ ನಾನು ಕಾರು ಚಾರ್ಜಿಗೆ ಹಾಕಿಕೊಂಡು ಕೂತದ್ದು ಅದೇ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ. ನಮ್ಮ ಕಾರಿನವರ ಬಳಗ ಕಂಪನಿಗೆ ಮನವಿ ಕೊಟ್ಟಾಗ, ನಿವೃತ್ತ ವಿಜ್ಞಾನದ ಮೇಷ್ಟ್ರು ನನ್ನ ಕಥೆಯನ್ನೇ ಮೊದಲ ಪುಟಕ್ಕೆ ಹಾಕಿದರು: ಒಬ್ಬ ಮನುಷ್ಯ ನಿಧಾನದ ಚಾರ್ಜರ್ ಮುಂದೆ ಆರು ಗಂಟೆ ಕೂತ, ಅವನು ಹೋಗಿ ತಲುಪುವಷ್ಟರಲ್ಲಿ ಅವನ ಭಾವ ತೀರಿಕೊಂಡರು. ಅದನ್ನು ಓದಿಯೇ ಮೊದಲ ಸ್ಟೇಷನ್ ಅಲ್ಲಿಗೆ ಕೊಟ್ಟರಂತೆ. ಗುಂಡಿ ಒತ್ತಲು ನಿನ್ನನ್ನು ಕರೆದದ್ದೂ ಅದಕ್ಕೇ.

ನಿನ್ನೆ ನಮಗಷ್ಟೇ ಅಂತ ಪರೀಕ್ಷೆಗೆ ಚಾಲೂ ಮಾಡಿದ್ದರು. ಮದುವೆಮನೆಗೆ ಬಂದ ಹಾಗೆ ಎಲ್ಲರೂ ಕಾರು ತೊಳೆಸಿಕೊಂಡು ಬಂದಿದ್ದರು. ಹಲ್ಲಿನ ಡಾಕ್ಟರು ಮೊದಲ ಕಾರು ತಮ್ಮದೇ ಆಗಬೇಕೆಂದು ಬೆಳಗಿನ ಐದಕ್ಕೇ ಮನೆ ಬಿಟ್ಟು, ಆ ಗಡಿಬಿಡಿಯಲ್ಲಿ ಬ್ಯಾಟರಿ ತುಂಬಿರುವುದನ್ನೇ ಮರೆತಿದ್ದರು. ಸಿಕ್ಕಿಸಿದ ಕೇಬಲ್ಲಿಗೆ ಏನೂ ಕೆಲಸವಿಲ್ಲ. "ಊಟ ಮಾಡ್ಕೊಂಡು ಊಟಕ್ಕೆ ಬಂದಿದ್ದೀರಲ್ಲ ಡಾಕ್ಟ್ರೇ!" ಅಂತ ಡ್ರೈವಿಂಗ್ ಸ್ಕೂಲಿನ ಮೇಡಂ ಛೇಡಿಸಿದರು. ಆಮೇಲೆ ಮೇಡಂ ಕಾರು ಹದಿನೆಂಟೇ ನಿಮಿಷಕ್ಕೆ ಎಂಬತ್ತು ಪರ್ಸೆಂಟ್ ಮುಟ್ಟಿತು. ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಹೊಡೆದರು. ತಲೆ ನರೆತವರು ಕೇಬಲ್ಲನ್ನು ಮಗುವಿನ ಕೆನ್ನೆ ಮುಟ್ಟುವಂತೆ ಮುಟ್ಟಿ ಮುಟ್ಟಿ ಬಿಸಿ ನೋಡುತ್ತಿದ್ದರು. ಮೇಲೆ ಸೂರಿಲ್ಲ, ಕೇಬಲ್ ಒಂದು ಮೊಳ ಗಿಡ್ಡ ಎಂದು ಗೊಣಗುವವರೂ ಇದ್ದರು. ಅವರ ಮುಖದಲ್ಲೇ ಎಲ್ಲರಿಗಿಂತ ಹೆಚ್ಚು ಸಂತೋಷವಿತ್ತು. ಮೇಡಂ ಮಾತ್ರ ಸ್ವಲ್ಪ ಹೊತ್ತಿಗೆ ಸಪ್ಪಗಾಗಿ, "ಈ ಶೆಡ್ಡಲ್ಲಿ ನಾಲ್ಕು ನಾಲ್ಕು ಗಂಟೆ ಕೂತಿದ್ದಕ್ಕೆ ತಾನೇ ನಾವೆಲ್ಲ ಒಬ್ಬರಿಗೊಬ್ಬರು ಗೊತ್ತಾಗಿದ್ದು? ಹದಿನೆಂಟು ನಿಮಿಷದಲ್ಲಿ ಯಾರ ಕಷ್ಟ ಯಾರು ಕೇಳ್ತಾರೆ?" ಅಂದರು. ಅಷ್ಟರಲ್ಲಿ ಮುಂದಿನ ಕಾರಿನ ಸರದಿ ಬಂದಿತ್ತು.

ಆ ಶೆಡ್ಡಿನಲ್ಲಿ ದಾರಕ್ಕೆ ಕಟ್ಟಿದ ಒಂದು ನೋಟ್‌ಬುಕ್ ಇದೆ. ಅದು ನಮ್ಮ ಬಳಗದ ಪದ್ಧತಿ. ಚಾರ್ಜಿಗೆ ಹಾಕಿದವರು ಬಂದ ಹೊತ್ತು, ಆಮೇಲೆ ಅರ್ಧರ್ಧ ಗಂಟೆಗೆ ಎಷ್ಟು ಪರ್ಸೆಂಟ್ ಏರಿತು, ಕೊನೆಗೆ ಹೊರಟ ಹೊತ್ತು, ಎಲ್ಲ ಬರೆಯಬೇಕು. ಪಕ್ಕದಲ್ಲಿ ಷರಾ ಬರೆಯಲು ಒಂದಿಷ್ಟು ಜಾಗ. ಮುಂದೆ ಬರುವವರಿಗೆ ತಾವೆಷ್ಟು ಕಾಯಬೇಕೆಂದು ತಿಳಿಯಲಿ ಅಂತ. ಶನಿವಾರ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ನನ್ನ ಪುಟವನ್ನೇ ತೆರೆದಿಡುತ್ತಾರಂತೆ. ಮೇಷ್ಟ್ರು ನಿನ್ನೆ ಆ ಪುಟ ತೆಗೆದು ಅಂಕಿಗಳನ್ನಷ್ಟೇ ಎಲ್ಲರೆದುರು ಓದಿದರು. "ನೋಡ್ರೀ ಲೇಬಲ್ಲು," (ಬಳಗದಲ್ಲಿ ನನ್ನ ಹೆಸರು ಅದೇ) "ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತು, ಮೂರೂವರೆಗೆ ಎಪ್ಪತ್ತು, ಆರಕ್ಕೆ ನೂರು. ಕೊನೇಲಿ ಹೆಂಗೆ ತೆವಳಿದೆ ನೋಡಿ ದರಿದ್ರದ್ದು!" ಎಂದು ಖುಷಿಯಿಂದ ಅದಕ್ಕೊಂದು ಗ್ರಾಫು ಬರೆದೇಬಿಟ್ಟರು. ಎಲ್ಲರೂ ಗೆರೆ ಬಾಗಿದ್ದನ್ನು ನೋಡಿದರು. ಅಲ್ಲಿಂದ ನಿನ್ನ ಊರಿಗೆ ಎಷ್ಟು ಪರ್ಸೆಂಟ್ ಬೇಕೆಂದು ಒಬ್ಬರೂ ಕೇಳಲಿಲ್ಲ. ಪುಸ್ತಕ ಬಹಳ ಹರಿದಿದೆ, ರಟ್ಟು ಹಾಕಿಸಿ ತನ್ನಿ ಎಂದು ನನ್ನ ಕೈಗೇ ಕೊಟ್ಟರು. ಲೇಬಲ್ಲಿನವನಲ್ಲವೇ, ಕಾಗದದ ಕೆಲಸ ನನಗೇ.

ಹೀಗಾಗಿ ಅದು ಈಗ ನನ್ನ ಮೇಜಿನ ಮೇಲಿದೆ. ಅದರ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಭಾವ ನನಗೆ ಕಾರು ಕಲಿಸಿದ್ದು ನೆನಪಿದೆಯಾ? ಹಳೇ ಗೋದಾಮಿನ ಅಂಗಳದಲ್ಲಿ, ಬ್ರೇಕು ತುಳಿದು ತುಳಿದು ಅವರ ಕುತ್ತಿಗೆ ಉಳುಕಿಸಿದ್ದೆ. "ನಿಲ್ಸೋದು ಆಮೇಲೆ ಕಲಿ ಮಾರಾಯ, ಮೊದಲು ಹೊರಡೋದು ಕಲಿ" ಅನ್ನುತ್ತಿದ್ದರು. ಅಪ್ಪ ಹೋದ ಮೇಲೆ ನನ್ನ ಪಾಲಿಗೆ ದೊಡ್ಡವರು ಅಂತ ಇದ್ದದ್ದು ಅವರೊಬ್ಬರೇ. ಅವರು ಮಲಗಿದ್ದನ್ನು ನಾನು ನೋಡಿರಲಿಲ್ಲ, ಮಧ್ಯಾಹ್ನದ ನಿದ್ದೆಯಲ್ಲಿ ಕೂಡ. ಆ ದಿನ ಅವರು "ಬಂದ್ನಾ ಅವನು?" ಅಂತ ಮೂರು ಸಲ ಕೇಳಿದರೆಂದು ನೀನೇ ಹೇಳಿದೆ. ಹೇಳಿ, ನಾನು ಬಾಯಿ ತೆರೆಯುವ ಮೊದಲೇ, "ನೀನೇನು ಮಾಡ್ತೀಯ ಪಾಪ, ಆ ಹಾಳು ಮಷೀನು" ಅಂದೆ. ಅಂದಿನಿಂದ ಬಂದವರಿಗೆಲ್ಲ ಅದನ್ನೇ ಹೇಳಿ ನನ್ನ ಮಾನ ಕಾಯುತ್ತಾ ಬಂದಿದ್ದೀಯ. ಆ ಮಷೀನನ್ನು ನಿನ್ನೆ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಇಷ್ಟೇ ಇಷ್ಟು ದೊಡ್ಡದು, ಗೋಡೆ ಗಡಿಯಾರದಷ್ಟು.

ನಾಲ್ಕು ಗಂಟೆಗೆ ಅಂಚೆ ತೆಗೆಯುತ್ತಾರೆ. ಮಂಡಿಗೆ ಬಿಸಿನೀರಿನ ಶಾಖ ಕೊಡು, ಮೆಟ್ಟಿಲು ಹತ್ತಬೇಡ. ಸೊಸೆಗೆ ನನ್ನ ನೆನಪು ಹೇಳು, ಮೊಮ್ಮಗಳಿಗೆ ಒಂದು ಮುತ್ತು. ನಿನ್ನ ಪಾದ ಮುಟ್ಟಿದೆನೆಂದೇ ತಿಳಿದುಕೋ.

ನಿನ್ನ
ತಮ್ಮ

ಮರೆತ ಮಾತು: ಮರೆತಿಲ್ಲ, ಇಷ್ಟು ಹೊತ್ತು ಬರೆಯಲಾಗಲಿಲ್ಲ. ಕವರಿನಲ್ಲಿ ಇನ್ನೊಂದು ಹಾಳೆ ಇದೆ, ನೋಟ್‌ಬುಕ್ಕಿನದು. ಸುಟ್ಟುಬಿಡೋಣ ಅಂತಲೇ ಬೆಳಿಗ್ಗೆ ಹರಿದೆ. ಮೂರೂವರೆ ಗಂಟೆಯ ಸಾಲು ನೋಡು. ಎಪ್ಪತ್ತು ಪರ್ಸೆಂಟ್. ನಿನ್ನ ಊರಿಗೆ ಅರವತ್ತು ಸಾಕಿತ್ತು, ಎರಡೂವರೆ ಗಂಟೆಯ ದಾರಿ. ಆಗಲೇ ಹೊರಟಿದ್ದರೆ ಆರಕ್ಕೆ ಅಲ್ಲಿರುತ್ತಿದ್ದೆ. ಭಾವ ಹೋದದ್ದು ಆರು ನಲವತ್ತಕ್ಕೆ. ಷರಾ ಜಾಗದಲ್ಲಿ "ಇಷ್ಟು ಸಾಕು" ಅಂತ ನಾನೇ ಬರೆದಿದ್ದೇನೆ, ನನ್ನ ಕೈಬರಹ ನಿನಗೆ ಗೊತ್ತು. ಬರೆದವನು ಕೇಬಲ್ ಕಿತ್ತು ಹೊರಡಲಿಲ್ಲ. ಇನ್ನರ್ಧ ಗಂಟೆ, ಇನ್ನರ್ಧ ಗಂಟೆ ಅಂತ ಆರರವರೆಗೆ ಕೂತೆ. ಆಸ್ಪತ್ರೆಯ ಆ ಕೋಣೆಗೆ ಬರಲು ಹೆದರಿದೆ ಅಕ್ಕಾ. ಮಷೀನು ತನ್ನ ಕೆಲಸ ಮಾಡಿತ್ತು. ಮೇಷ್ಟ್ರಿಗೂ ಬಳಗಕ್ಕೂ ನಾಳೆ ಸಂಜೆ ಹೇಳುತ್ತೇನೆ, ಮೊದಲು ನಿನಗೆ ಅಂತ ಕಾದಿದ್ದೇನೆ. ಶನಿವಾರ ಬರುವುದಾದರೆ ಈ ಹಾಳೆ ಜೊತೆಗೆ ತಾ, ಅದರ ಜಾಗಕ್ಕೆ ಅಂಟಿಸಬೇಕು. ಬರದಿದ್ದರೆ ಅಂಚೆಯಲ್ಲಾದರೂ ಕಳಿಸು. ರಟ್ಟು ಹಾಕಿಸದೆ ಕಾಯುತ್ತೇನೆ.