ಸಾಕ್ಷಿಗುಡ್ಡೆಯ ಪಕ್ಕ ನಿಂತವಳು

ಅವ್ವಾ,

ನೀನು ಕುಪ್ಪಸದ ಬಟ್ಟೆ ಕತ್ತರಿಸುತ್ತಿದ್ದ ಆ ಕಬ್ಬಿಣದ ಕತ್ತರಿ ಇನ್ನೂ ನನ್ನ ಹತ್ತಿರ ಇದೆ. ನೀನು ಹೋಗಿ ನಾಲ್ಕು ವರ್ಷವಾಯಿತು. ನಿನ್ನ ಸೀರೆಗಳನ್ನು ಓಣಿಯ ಹೆಂಗಸರಿಗೆ ಹಂಚಿದೆ. ಎಲೆಯಡಿಕೆ ಚೀಲವನ್ನು ನಿನ್ನ ಜೊತೆಗೇ ಮಣ್ಣಿಗೆ ಹಾಕಿದೆವು. ಕತ್ತರಿಯನ್ನು ಮಾತ್ರ ಯಾರಿಗೂ ಕೊಡಲಾಗಲಿಲ್ಲ. ಅದರಿಂದ ನಾನು ಏನು ಮಾಡಿದ್ದೆ ಎಂಬುದು ನಿನಗೆ ಅವತ್ತೇ ಗೊತ್ತಿತ್ತು. ನನಗೆ ಗೊತ್ತಾದದ್ದು ಹೋದ ಸೋಮವಾರ, ದುರ್ಗದಲ್ಲಿ.

ನಾನಾಗ ಕಾಲೇಜಿನ ಎರಡನೇ ವರ್ಷ. ಸಂಘಟನೆ ಸೇರಿ ಗಂಟಲು ಹರಿಯುವಂತೆ ಹಾಡುತ್ತಿದ್ದ ಕಾಲ. ಹೊಸದುರ್ಗದ ತಾಲ್ಲೂಕು ಕಚೇರಿ ಮುಂದೆ ಕೂಲಿ ಹೆಂಗಸರ ಧರಣಿ ಇತ್ತು, ಅದಕ್ಕೊಂದು ಫಲಕ ಬೇಕಿತ್ತು. ನಿನ್ನ ಟ್ರಂಕಿನ ತಳದಲ್ಲಿ, ನೀನು ಯಾರಿಗೂ ತೋರಿಸದೆ ಇಟ್ಟಿದ್ದ ಫೋಟೋ ಸಿಕ್ಕಿತು. ದೊಡ್ಡ ಬರದ ವರ್ಷ ಹಿರಿಯೂರು ದಾರಿಯ ಬೋಳುಗುಡ್ಡದ ಕೆಳಗೆ ಸರ್ಕಾರ ತೆರೆದಿದ್ದ ಕಾಮಗಾರಿ ಶಿಬಿರದ ಫೋಟೋ. ಹಟ್ಟಿಯ ಕುರಿಗಳೆಲ್ಲ ಮೇವಿಲ್ಲದೆ ಸತ್ತ ಮೇಲೆ ನೀನು ಅಲ್ಲಿ ಮಣ್ಣು ಹೊತ್ತಿದ್ದೆ, ಒಡ್ಡು ಹಾಕಿದ್ದೆ. ನಡುವೆ ಹ್ಯಾಟು ಹಾಕಿಕೊಂಡ ಸಾಹೇಬ. ಅವನ ಎಡಕ್ಕೆ ತಲೆಯ ಮೇಲೆ ಪುಟ್ಟಿ ಹೊತ್ತ ನೀನು. ಬಲಕ್ಕೆ ಯಾರೋ ಇನ್ನೊಬ್ಬ ಕೂಲಿ ಹೆಂಗಸು, ಅವಳನ್ನು ಸರಿಯಾಗಿ ನೋಡಲೂ ಇಲ್ಲ. ನಿನ್ನ ಹೆಗಲ ಮೇಲೆ ನಾಲ್ಕು ಬೆರಳು ಕಂಡವು. ಸಾಹೇಬನ ಕೈ ಎಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ನಿನ್ನನ್ನಷ್ಟೇ ಕತ್ತರಿಸಿಕೊಂಡೆ. ಆ ಬೆರಳುಗಳ ಮೇಲೆ ಕಪ್ಪು ಇಂಕು ಬಳಿದು ಫಲಕಕ್ಕೆ ಅಂಟಿಸಿದೆ. ಉಳಿದ ಭಾಗವನ್ನು ಧರಣಿಯಲ್ಲಿ ಸುಡಲೆಂದು ಮಾಡಿದ್ದ ಪ್ರತಿಕೃತಿಯ ಎದೆಗೆ ಸಿಕ್ಕಿಸಿ ಬೆಂಕಿ ಇಟ್ಟೆವು. ಚಪ್ಪಾಳೆಯೋ ಚಪ್ಪಾಳೆ.

ಸಂಜೆ ನಾನು ಫಲಕ ಹಿಡಿದು ಮನೆಗೆ ಬಂದಾಗ ನೀನು ರಾಗಿ ಕೇರುತ್ತಿದ್ದೆ. ಮೊರ ಕೆಳಗಿಟ್ಟು ನೋಡಿದೆ.

"ಉಳಿದ ಚೂರು ಎಲ್ಲೈತೆ?"

"ಸುಟ್ಟೆ."

"ಪೂರಾನಾ?"

"ಪೂರಾ. ಆ ನನ್ಮಗನ್ನ ಯಾಕವ್ವ ಇಟ್ಕಂಡಿದ್ದೆ? ನಿನ್ ಹೆಗಲ ಮ್ಯಾಲೆ ಕೈ ಹಾಕ್ಕಂಡ್ ನಿಂತವ್ನೆ, ನಿಂಗೆ ನಾಚ್ಕಿ ಬ್ಯಾಡ್ವಾ?"

ನೀನು ಏನೋ ಹೇಳಲು ಬಾಯಿ ತೆರೆದೆ. ನನಗೆ ಕೇಳುವ ವ್ಯವಧಾನ ಎಲ್ಲಿತ್ತು? ದುಡಿಮೆ, ದಬ್ಬಾಳಿಕೆ, ಹೆಣ್ಣಿನ ಮರ್ಯಾದೆ ಎಂದು ಭಾಷಣ ಶುರುಮಾಡಿದೆ. ಪೂರ್ತಿ ಕೇಳಿಸಿಕೊಂಡು ನೀನು, "ಆತು ಬಿಡೆ ತಾಯಿ, ನೀನು ಓದ್ದೋಳು" ಎಂದು ಮತ್ತೆ ಮೊರ ಎತ್ತಿಕೊಂಡೆ.

ಆಮೇಲೆ ಎಷ್ಟೋ ದಿನ ಒಲೆ ಮುಂದೆ ಕೂತು, ಫಲಕದಿಂದ ಬಿಡಿಸಿದ ಆ ಚೂರನ್ನು ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸುತ್ತಿದ್ದೆಯಲ್ಲ, ಅದನ್ನು ನೋಡಿ ನಾನು ನಕ್ಕಿದ್ದೆ. ಮುಖ ಬಿಟ್ಟು ಬೆರಳುಗಳನ್ನೇ ಯಾಕೆ ಉಜ್ಜುತ್ತಿದ್ದೀಯ ಎಂದು ಒಂದು ದಿನವಾದರೂ ಕೇಳಬಹುದಿತ್ತು. ಕೇಳಿದ್ದರೆ...

ಓಬಕ್ಕನ ಕತೆ ಕೇಳುತ್ತಲೇ ಬೆಳೆದವಳು ನಾನು. ಅವಳು ಹೊಳಲ್ಕೆರೆ ಕಡೆಯವಳು. ಸತ್ತ ಗಂಡನ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಬರುತ್ತಿದ್ದವಳು. ಸಲಿಕೆಯ ಹಿಡಿ ತಾಗಿ ಮುಂದಿನ ಹಲ್ಲೊಂದು ಹೋಗಿತ್ತು. "ಹಲ್ಲು ಹೋದ ಸಂದಿನಾಗೆ ಸೀಟಿ ಹೊಡಿಯೋಳು ಕಣೆ, ಮೇಸ್ತ್ರಿ ಬೆಚ್ಚಿಬೀಳೋನು" ಎಂದು ನೀನು ನಗುತ್ತಿದ್ದೆ. ಶಿಬಿರದಲ್ಲಿ ನೀವಿಬ್ಬರೂ ಜೋಡಿ. ಅವಳು ಅಗೆಯುವುದು, ನೀನು ಹೊರುವುದು. ನಾನು ನಿನ್ನ ಹೊಟ್ಟೆಯಲ್ಲಿದ್ದೆ. ಮೇಸ್ತ್ರಿ ಅತ್ತ ತಿರುಗಿದರೆ ಅವಳು ನಿನ್ನ ಪುಟ್ಟಿಗೆ ಅರ್ಧವೇ ಮಣ್ಣು ತುಂಬುತ್ತಿದ್ದಳು. "ಹೋಗೇ, ಗತ್ತಿನಾಗೆ ನಡಿ. ತುಂಬಿದ ಪುಟ್ಟಿ ಹೊತ್ತೋಳಂಗೆ ಏದುಸಿರು ಬಿಡು!" ಆದರೆ ನಾನು ಆ ಫೋಟೋ ಸುಟ್ಟ ದಿನದಿಂದ ನೀನು ಓಬಕ್ಕನ ಹೆಸರೆತ್ತುವುದನ್ನೇ ಬಿಟ್ಟೆ. ಅದನ್ನು ಕೂಡ ನಾನು ಗಮನಿಸಲಿಲ್ಲ. ನಾಡಿನ ಕೂಲಿಕಾರರೆಲ್ಲರ ದನಿ ನಾನೇ ಎಂದು ತಿರುಗುತ್ತಿದ್ದವಳಿಗೆ ಮನೆಯ ಮೌನ ಕೇಳಿಸಲಿಲ್ಲ.

ಅವಳು ಹೇಗೆ ಸತ್ತಳೆಂದು ನೀನು ಹೇಳಿದ್ದು ಕಡೆಗೆ, ಆಸ್ಪತ್ರೆಯ ಮಂಚದ ಮೇಲೆ. ಮಣ್ಣು ಅಗೆಯುವಾಗ ಹೊಂಡದ ನಡುವೆ ಮೂಲ ನೆಲದ ಒಂದು ಕಂಬವನ್ನು, ತಲೆಯ ಮೇಲಿನ ಹುಲ್ಲಿನ ಸಮೇತ, ಹಾಗೇ ಬಿಡಬೇಕು. ಎಷ್ಟು ಆಳ ಅಗೆದಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ, ಅದಕ್ಕೇ ಸಾಕ್ಷಿಗುಡ್ಡೆ. ಅಳತೆ ಮುಗಿದ ಕೂಡಲೇ ಕಡಿದು ಸಮ ಮಾಡಬೇಕು. ಆದರೆ ದೊಡ್ಡ ಸಾಹೇಬ ಬರುವವನಿದ್ದ, ದುರ್ಗದಿಂದ ಫೋಟೋದವನೂ ಬರುವವನಿದ್ದ. "ಗುಡ್ಡೆ ಮುಟ್ಟಬ್ಯಾಡ್ರಿ, ಫೋಟೋದಾಗೆ ಆಳ ಕಾಣ್ಬೇಕು" ಎಂದ ಮೇಸ್ತ್ರಿ. ಗುಡ್ಡೆ ನಿಂತೇ ಇತ್ತು, ಸುತ್ತ ಅಗೆತ ಮಾತ್ರ ಇಳಿಯುತ್ತಲೇ ಹೋಯಿತು. ಒಂದು ಗಿಡವಿಲ್ಲದ ಆ ಬಯಲಿನಲ್ಲಿ ಮಧ್ಯಾಹ್ನ ಸಿಗುತ್ತಿದ್ದದ್ದು ಅದರದೊಂದೇ ನೆರಳು. "ಬಸುರಿ, ನೀನು ಕುಂತ್ಕ" ಎಂದು ಓಬಕ್ಕ ಅದನ್ನು ನಿನಗೇ ಬಿಟ್ಟುಕೊಡುತ್ತಿದ್ದಳು. ಫೋಟೋ ತೆಗೆದ ಮೇಲೂ ಗುಡ್ಡೆಯನ್ನು ಯಾರೂ ಕಡಿಯಲಿಲ್ಲ; ಮೂರನೇ ದಿನ ನೀನು, "ಇವತ್ತು ನೀನು ಕುಂತ್ಕ, ಗಂಜಿ ನಾನು ತತ್ತೀನಿ" ಎಂದೆಯಂತೆ. ಎರಡು ತಟ್ಟೆ ಗಂಜಿ ಹಿಡಿದು ವಾಪಸ್ಸು ಬಂದಾಗ ಗುಡ್ಡೆ ಇರಲಿಲ್ಲ. ಓಬಕ್ಕನೂ ಇರಲಿಲ್ಲ. ಮಣ್ಣು ಮಾತ್ರ ಇತ್ತು.

"ತಟ್ಟೆ ಕೆಳಗಿಡಬೇಕು ಅಂತ್ಲೂ ಗೊತ್ತಾಗ್ಲಿಲ್ಲ ಕಣೆ" ಎಂದೆ ನೀನು. ಫೋಟೋದ ಮಾತು ಅವತ್ತೂ ಎತ್ತಲಿಲ್ಲ.

ಹೋದ ಸೋಮವಾರ ದುರ್ಗದ ಒಂದು ಹಳೇ ಕಟ್ಟಡದಲ್ಲಿ ಫೋಟೋ ಪ್ರದರ್ಶನಕ್ಕೆ ಹೋಗಿದ್ದೆ. ಬರದ ಕಾಲದ ಮಣ್ಣು ಸಂರಕ್ಷಣೆಯ ಶಿಬಿರಗಳ ಫೋಟೋಗಳು. ಗೋಡೆ ತುಂಬ ಹ್ಯಾಟುಗಳು, ನಕ್ಷೆಗಳು, ಸಾಲಾಗಿ ನಿಂತ ಸಲಿಕೆಗಳು. ಮೂಲೆಯಲ್ಲಿ ನೀನಿದ್ದೆ. ಪೂರ್ತಿ ಫೋಟೋ ಅವ್ವಾ, ಬಾಗಿಲಿನಷ್ಟು ದೊಡ್ಡದು! ಕೆಳಗೆ ಸಾಹೇಬನ ಹೆಸರು, ಅವನ ಓದು, ಅವನ ಹುದ್ದೆ. ಆಮೇಲೆ, "ಮತ್ತು ಕೂಲಿ ಮಹಿಳೆಯರು".

ನನ್ನ ಹಳೇ ಬೆಂಕಿ ಎದ್ದಿತು. ಟೇಬಲ್ಲಿನ ಹಿಂದೆ ಕೂತಿದ್ದ ಹುಡುಗಿಯ ಮೇಲೆ ಕೂಗಾಡಿದೆ. ಒಡ್ಡು ಕಟ್ಟಿದವರು ಯಾರು, ಹೆಸರು ಯಾರದು? ಅವಳೇನೂ ಹೆದರಲಿಲ್ಲ.

"ಕೂಗಬ್ಯಾಡ್ರಿ ಮೇಡಂ. ದಾಖ್ಲೆನಾಗೆ ಹೆಸ್ರಿಲ್ಲ, ನಾನೆಲ್ಲಿಂದ ತರ್ಲಿ? ನಿಮ್ಮತ್ರ ಏನಾರ ಐತಾ?"

ಪರ್ಸಿನಿಂದ ನಿನ್ನ ಚೂರು ತೆಗೆದು ಕೊಟ್ಟೆ. ಅವಳು ಅದನ್ನು ದೊಡ್ಡ ಫೋಟೋದ ಪಕ್ಕ ಹಿಡಿದು ನೋಡಿದಳು.

"ಇದೇನ್ರಿ, ಹೆಗಲ ಮ್ಯಾಲೆ ಇಂಕು?"

"ಆ ಸಾಹೇಬನ ಕೈ. ನಾನೇ ಬಳಿದಿದ್ದು."

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಗೋಡೆಯನ್ನು ನೋಡಿದಳು. "ಸಾಹೇಬ್ರ ಎರಡು ಕೈಯೂ ಇಲ್ಲೇ ಅವಲ್ರೀ ಮೇಡಂ. ಒಂದ್ರಾಗೆ ಅಳತೆ ಟೇಪು, ಇನ್ನೊಂದು ಸೊಂಟದ ಮ್ಯಾಲೆ. ಈ ಕೈ ಹಿಂದ್ಲಿಂದ ಬಂದೈತೆ. ಆ ಕಡೆ ಅಂಗಿ ಹಾಕ್ಕಂಡಿರೋ ಅಮ್ಮಂದು, ನೋಡ್ರಿ."

ನೋಡಿದೆ. ಖಾಕಿ ಅಂಗಿ. ನಗುವಿನ ನಡುವೆ ಒಂದು ಹಲ್ಲಿನ ಕತ್ತಲೆ. ಅವಳ ಹಿಂದೆ, ತಲೆಯ ಮೇಲೆ ಹುಲ್ಲು ಹೊತ್ತು ನಿಂತ ಸಾಕ್ಷಿಗುಡ್ಡೆ. ಫೋಟೋಗೆಂದು ಸಾಹೇಬ ನಿಮ್ಮ ನಡುವೆ ಬಂದು ನಿಂತಿದ್ದಾನೆ, ಓಬಕ್ಕ ಅವನ ಬೆನ್ನ ಹಿಂದೆ ಕೈ ಚಾಚಿ ನಿನ್ನ ಹೆಗಲು ಹಿಡಿದಿದ್ದಾಳೆ.

ಅವ್ವಾ, ನಾನು ಆ ಸಾಹೇಬನನ್ನು ಸುಡಲಿಲ್ಲ. ಅವನ ಹೆಸರು, ಹ್ಯಾಟು, ಎಲ್ಲ ಸರ್ಕಾರದ ಗೋಡೆಯ ಮೇಲೆ ಭದ್ರವಾಗಿವೆ. ನಾನು ಸುಟ್ಟದ್ದು ಒಬ್ಬ ಕೂಲಿ ಹೆಂಗಸನ್ನು. ನನಗಾಗಿ ಅರ್ಧ ಪುಟ್ಟಿ ಮಣ್ಣು ತುಂಬಿದವಳನ್ನು. ಕೂಲಿಯವರ ಪರವಾಗಿ ಘೋಷಣೆ ಕೂಗುತ್ತಲೇ ಸುಟ್ಟೆ. ಆ ಬಲಕ್ಕಿದ್ದವಳು ಯಾರು ಎಂದು ನಾನೂ ಕೇಳಲಿಲ್ಲವಲ್ಲ? ಗೋಡೆಯ ಮೇಲೆ ಬರೀ "ಕೂಲಿ ಮಹಿಳೆಯರು" ಎಂದು ಬರೆದವರಿಗೂ ನನಗೂ ಏನು ವ್ಯತ್ಯಾಸ? ನಿನ್ನ ಹತ್ತಿರ ಅವಳದೆಂದು ಉಳಿದಿದ್ದ ನಾಲ್ಕು ಬೆರಳಿಗೂ ಮಸಿ ಬಳಿದವಳು ನಾನು. ಒಂದು ಏಟಾದರೂ ಹೊಡೆಯಬಾರದಿತ್ತೇ ನೀನು?

ಆ ಹುಡುಗಿ ನನಗೆ ನೀರು ಕೊಟ್ಟಳು. ಒಂದು ಬಿಳಿ ಚೀಟಿ, ಪೆನ್ನು ಮುಂದಿಟ್ಟಳು. "ಮ್ಯಾಲಿನೋರ್ನ ಕೇಳಿ ಅಚ್ಚು ಹಾಕ್ಸಾಕೆ ಟೈಮ್ ಹಿಡಿತೈತೆ. ಸದ್ಯಕ್ಕೆ ನೀವೇ ಬರೀರಿ, ಅಂಟಿಸಾಣ." ಬರೆದೆ: ಎಡಕ್ಕೆ ಕ್ಯಾತಮ್ಮ. ಬಲಕ್ಕೆ ಓಬಮ್ಮ, ಈ ಗುಡ್ಡೆ ಬಿದ್ದು ಇದೇ ಶಿಬಿರದಲ್ಲಿ ಸತ್ತವಳು. ಓಬಕ್ಕನ ಊರಿನ ಹೆಸರು ನನಗೆ ಗೊತ್ತಿರಲಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟೆ.

ಮರುದಿನ ಮತ್ತೆ ಹೋದೆ. ಯಾರೋ ಚೀಟಿ ಕಿತ್ತಿದ್ದರು. ಇನ್ನೊಂದು ಬರೆದು ಅಂಟಿಸಿದೆ. ನಿನ್ನೆಯೂ ಅಷ್ಟೇ. ಇವತ್ತು ಒಂದು ಕಟ್ಟು ಚೀಟಿ ಬರೆದಿಟ್ಟುಕೊಂಡಿದ್ದೇನೆ. ಕೀಳಲಿ, ಹೊಸದುರ್ಗದಿಂದ ದುರ್ಗಕ್ಕೆ ಬೆಳಗ್ಗೆ ಬಸ್ಸು ಇದ್ದೇ ಇದೆ. ಪ್ರದರ್ಶನ ಮುಗಿದ ಮೇಲೆ ಹೊಳಲ್ಕೆರೆ ಕಡೆಯ ಊರೂರು ತಿರುಗಿ ಕೇಳುತ್ತೇನೆ: ಗಂಡನ ಅಂಗಿ ತೊಟ್ಟು ಬರದ ಕೆಲಸಕ್ಕೆ ಹೋಗಿ ವಾಪಸ್ಸು ಬಾರದ ಹೆಂಗಸು ನಿಮ್ಮಲ್ಲಿ ಯಾರ ಮನೆಯವಳು? ಆ ಖಾಲಿ ಜಾಗ ತುಂಬುವವರೆಗೆ ಕೇಳುತ್ತೇನೆ. ಈ ಸಲ ಭಾಷಣ ಮಾಡುವುದಿಲ್ಲ.

ಹುಡುಗಿ ಪೂರ್ತಿ ಫೋಟೋದ ಒಂದು ಪ್ರತಿಯನ್ನು ಕೊಟ್ಟಿದ್ದಾಳೆ. ಅಳತೆ ನೋಡಿ ಚೌಕಟ್ಟು ಹಾಕಿಸಲು ಹೋದರೆ ಅಂಗಡಿಯವನು, "ಅಂಚು ಸ್ವಲ್ಪ ಕತ್ತರಿಸ್ಬೇಕಾಗ್ತೈತೆ ಮೇಡಂ, ಈ ಅಂಗಿ ಅಮ್ಮನ ತೋಳು ಹೊರಗೆ ಬರ್ತೈತೆ" ಎಂದ. ಬೇಡವೆಂದೆ. ದೊಡ್ಡ ಚೌಕಟ್ಟು ಮಾಡುತ್ತಿದ್ದಾನೆ.

ನಿನ್ನ ಮಗಳು