ನಿನ್ನ ಬೆನ್ನಿನ ಸಣ್ಣ ಗಾಯಗಳು

ದೇವಮ್ಮಕ್ಕ,

ನೀನು ಹೋಗಿ ವರ್ಷ ತುಂಬಿತು. ನಿನ್ನ ಮೇಲಿನ ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಹೋಗಿಲ್ಲ. ಸತ್ತವರನ್ನು ಕಂಡು ಯಾರಾದರೂ ಉರಿದುಕೊಳ್ಳುತ್ತಾರಾ? ನಿನ್ನ ನೆಗೆಣ್ಣಿ ಉರಿದುಕೊಳ್ಳುತ್ತಾಳೆ.

ಭತ್ತದ ನಾಟಿಗೆಂದು ದೇವಾಪುರದ ಕಡೆ ಹೊರಟ ಆ ಬೆಳಗು ನೆನಪಿದೆಯಲ್ಲ? ಕಾಲುವೆ ಏರಿಯ ಮೇಲೆ ನಾವು ಕೂತಿದ್ದ ಟ್ರ್ಯಾಕ್ಟರಿನ ಟ್ರ್ಯಾಲಿ ಪಲ್ಟಿಯಾಯಿತು. ಇಬ್ಬರೂ ಒಟ್ಟಿಗೇ ಬಿದ್ದೆವು, ಇಬ್ಬರ ಬೆನ್ನುಮೂಳೆಯೂ ಮುರಿಯಿತು. ಕಲಬುರಗಿಯ ಡಾಕ್ಟರು ನಮ್ಮ ಗಂಡಂದಿರನ್ನು ಕರೆದು ಹೇಳಿದರು: "ದೇವಮ್ಮಗ ಸಣ್ಣ ಸಣ್ಣ ಗಾಯ ಮಾಡಿ ಸ್ಕ್ರೂ ಕೂಡಿಸ್ತೀವಿ. ಸಣ್ಣಾಕಿಗೆ ಹಂಗ ಆಗಂಗಿಲ್ರಿ. ಮೂಳಿ ಚೂರು ನರ ಒತ್ತಾಕತ್ತದ, ಬೆನ್ನು ತೆರೀಬೇಕು."

ಆಪರೇಷನ್ ಆದ ಮರುದಿನವೇ ನರ್ಸಿನ ಭುಜ ಹಿಡಿದು ನನ್ನ ಮಂಚದ ಮುಂದೆ ನಡೆದು ಹೋದೆ ನೀನು. "ನೀನೂ ಏಳ್ತಿ, ಅಂಜಬ್ಯಾಡ" ಅಂದೆ. ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕಕ್ಕೆ ಹೊರಳುವುದೂ ಆಗದವಳು ಇನ್ನೇನು ಮಾಡಲಿ?

ಮನೆಗೆ ಬಂದ ಮೇಲೆ ನೀನು ರೊಟ್ಟಿ ಬಡಿಯುವ ಸದ್ದು ನನ್ನ ಹಾಸಿಗೆಯವರೆಗೂ ಕೇಳುತ್ತಿತ್ತು. ಅತ್ತೆ ಬಂದವರಿಗೆಲ್ಲ ನಿನ್ನ ಬೆನ್ನು ತೋರಿಸುತ್ತಿದ್ದರು. "ನೋಡ್ರಿ, ಇರುವಿ ಕಚ್ಚಿದಂಗ ಅದ." ನನ್ನ ಬೆನ್ನಿನ ಉದ್ದ ಹೊಲಿಗೆ ಯಾರಿಗೂ ಬೇಡವಾಗಿತ್ತು. ನನ್ನ ಕಾಲಿಗೆ ಬಲ ಬರುವುದು ತಡವಾಯಿತು. ಇನ್ನೂ ಮೊಲೆ ಬಿಡದ ನನ್ನ ಸವಿತಾ ಅತ್ತಾಗ ಎತ್ತಿಕೊಳ್ಳುತ್ತಿದ್ದವಳು ನೀನು. ಉಣಿಸಿದವಳು, ಎರೆದವಳು, ಮಲಗಿಸಿದವಳು...

ಒಂದು ಮಧ್ಯಾಹ್ನ ನಾಯಿಗೆ ಹೆದರಿ ಸವಿತಾ ಹೊರಗಿಂದ ಓಡಿಬಂದಳು. ನನ್ನ ಹಾಸಿಗೆ ದಾಟಿ ಹೋಗಿ ನಿನ್ನ ಮೊಣಕಾಲು ತಬ್ಬಿ "ಅವ್ವಾ" ಅಂದಳು. ನೀನು ನಕ್ಕು, "ನಿಮ್ಮವ್ವ ಅಲ್ಲಿ ಮಲಗ್ಯಾಳ ನೋಡು, ನಾ ದೊಡ್ಡವ್ವ" ಅಂದೆ. ಅವಳು ನನ್ನನ್ನು ನೋಡಿ ನಿನ್ನ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ನೀನು ಅವಳನ್ನು ಕದ್ದೆಯಾ? ಇಲ್ಲ. ಕದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಸವಿತಾಳನ್ನು ಮದುವೆ ಮಾಡಿ ಯಾದಗಿರಿಗೆ ಕಳಿಸುವ ದಿನವೂ ಅವಳು ಮೊದಲು ನಿನ್ನ ಕೊರಳಿಗೇ ಬಿದ್ದು ಅತ್ತಳು. ಆ ಸಂಜೆ ನೀನು, "ಮ್ವಾಡ ಆದರ ನನಗೂ ಬೆನ್ನು ಸೆಳೀತದವ್ವ, ಹೇಳಂಗಿಲ್ಲ ಅಷ್ಟ" ಅಂದೆ. ನಾನು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದೀಯ ಅಂದುಕೊಂಡೆ.

ನೀನು ಎದೆನೋವಿನಿಂದ ಹೋದ ಮೇಲೆ ಬೆನ್ನು ತೋರಿಸಲು ಕಲಬುರಗಿಗೆ ನಾನೊಬ್ಬಳೇ ಹೋದೆ. ಡಾಕ್ಟರು ನನ್ನ ಎಕ್ಸ್‌ರೇ ಬೆಳಕಿಗೆ ಹಿಡಿದು, "ಮೂಳಿ ಚಲೋ ಕೂಡ್ಯದರಿ. ನಿಮ್ಮ ಅಕ್ಕಾರದೂ ಹಿಂಗೇ ಇತ್ತು. ಸಣ್ಣ ಗಾಯದವರು ಮೊದಲ ಲಗೂ ಏಳ್ತಾರ, ಖರೆ. ಇಷ್ಟು ವರ್ಷ ಆದ ಮ್ಯಾಲ ಇಬ್ಬರದೂ ಹೆಚ್ಚುಕಡಿಮಿ ಒಂದೇ" ಅಂದರು. ಶಹಾಪುರದ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ, ಅಕ್ಕ. ನಿನ್ನ ಬೆನ್ನಿಗೆ ಇಷ್ಟು ವರ್ಷ ಉರಿದುಕೊಂಡೆನಲ್ಲ, ನಮ್ಮಿಬ್ಬರ ಬೆನ್ನೂ ಒಂದೇ ಆಗಿತ್ತು. ಬೇರೆಯಾಗಿದ್ದು ಮೊದಲ ಕೆಲವು ತಿಂಗಳು ಮಾತ್ರ. ನನ್ನ ಮಗಳು ನಿನ್ನವಳಾಗಿದ್ದು ಆ ತಿಂಗಳುಗಳಲ್ಲೇ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಸವಿತಾಳಿಗೆ ಹೆಣ್ಣು ಕೂಸು ಹುಟ್ಟಿದೆ. ಬಾಣಂತನಕ್ಕೆ ನಮ್ಮಲ್ಲೇ ಇದ್ದಾಳೆ. ಮೊದಲ ದಿನ ಬಚ್ಚಲ ಬಾಗಿಲಲ್ಲಿ ನಿಂತು, "ನೀ ಕುಂಡ್ರಬ್ಯಾಡ, ನಿನ್ನ ಬೆನ್ನು ತಡಿಯಂಗಿಲ್ಲ. ಎರಿಯಾಕ ಯಾರನ್ನರ ಕರಸೂಣು" ಅಂದಳು. "ಯಾರೂ ಬ್ಯಾಡ" ಅಂದೆ. ಕಾಲು ಚಾಚಿ ಕುಳಿತು ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡೆ. ಬೆನ್ನು ಸೆಳೆಯಿತು. ಕೂಸು ಚೀರಿತು, ಆಮೇಲೆ ಬಿಸಿನೀರಿಗೆ ಸುಮ್ಮನಾಯಿತು.

ಈ ಕೂಸಿನ ಮೊದಲ ತಿಂಗಳುಗಳು ನನ್ನವು, ಅಕ್ಕ. ನೀನೇ ಎದ್ದು ಬಂದರೂ ಕೊಡುವುದಿಲ್ಲ.

ನಿನ್ನ ಸಣ್ಣಾಕಿ